ಹುಡುಕಿದರೆ ಸಿಗುವ ಹಾಗೆ ಇಡುವುದು

(ನಮ್ಮ ತಾಲ್ಲೂಕಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಕೇಳಲು ಬಂದವರಲ್ಲಿ ಶಿಕ್ಷಕರು, ಸಂಘದ ಲೆಕ್ಕ ಬರೆಯುವವರು, ಡಿಟಿಪಿ ಮಾಡುವವರು, ನಿವೃತ್ತರು ಇದ್ದರು. ನಡುನಡುವೆ ಅವರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಮೆಟ್ಟಿಲು ಹತ್ತಿ ಬರುವಾಗ ಒಬ್ಬರು ಅಕ್ಕ ನನ್ನನ್ನು ನಿಲ್ಲಿಸಿದರು. "ಸರ್, ಮೊನ್ನೆ ಎರಡು ಗಂಟೆ ಕೂತು ಸಂಘದ ಪಟ್ಟಿ ತಿದ್ದಿದೆ. ಸೇವ್ ಮಾಡಿದ್ದು ಚೆನ್ನಾಗಿ ನೆನಪಿದೆ. ಇವತ್ತು ತೆಗೆದರೆ ಹಳೇದೇ ಇದೆ. ನಾನು ಮಾಡಿದ್ದು ಎಲ್ಲಿ ಹೋಯ್ತು?" ಎಂದು ಕೇಳಿದರು. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅಕ್ಕಾ, ನಿಮ್ಮ ಲ್ಯಾಪ್‌ಟಾಪ್ ತಂದಿದ್ದೀರಲ್ಲ, ಮಾತು ಮುಗಿದ ಮೇಲೆ ಇಬ್ಬರೂ ಕೂತು ನೋಡೋಣ. ಸಿಗುತ್ತದೆ ಅಂತಲೇ ನನ್ನ ನಂಬಿಕೆ.

ಇವತ್ತು ಏನು ಹೇಳಬೇಕು ಅಂತ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದೆ. ಯಾಕೆಂದರೆ ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದೇ. "ಎಲ್ಲಿ ಹೋಯ್ತು?" ಹತ್ತಕ್ಕೆ ಎಂಟು ಸಲ ಅದು ಎಲ್ಲೂ ಹೋಗಿರುವುದಿಲ್ಲ. ಒಳಗೇ ಇರುತ್ತದೆ. ನಾವು ಹುಡುಕುವ ದಾರಿ ಗೊತ್ತಿರುವುದಿಲ್ಲ, ಅಥವಾ ಹುಡುಕಿದರೆ ಸಿಗುವ ಹಾಗೆ ಇಟ್ಟಿರುವುದಿಲ್ಲ. ಅದೊಂದನ್ನೇ ಹಿಡಿದು ಮಾತಾಡುತ್ತೇನೆ.

ಮೊದಲು ಫೈಲಿನ ಹೆಸರು. ನಿಮ್ಮ ಡೆಸ್ಕ್‌ಟಾಪ್ ನೆನಪು ಮಾಡಿಕೊಳ್ಳಿ. ಹೊಸದು, ಹೊಸದು ಎರಡು, ಫೈನಲ್, ಫೈನಲ್ ಕರೆಕ್ಟೆಡ್. ಇಂಥವು ಇರುತ್ತವೆ ಅಲ್ವಾ? ಆ ಹೆಸರು ಇಟ್ಟ ದಿನ ನಮಗೆ ಎಲ್ಲ ಗೊತ್ತಿರುತ್ತದೆ. ಮೂರು ತಿಂಗಳು ಕಳೆದ ಮೇಲೆ ಯಾವುದು ಯಾವುದು ಅಂತ ಒಂದೊಂದನ್ನೇ ತೆರೆದು ನೋಡಬೇಕು. ನನ್ನ ರೂಢಿ ಹೀಗಿದೆ: ಹೆಸರಿನ ಮೊದಲಿಗೆ ತಾರೀಕು, ಅದೂ ವರ್ಷ ಮುಂದೆ, ಆಮೇಲೆ ತಿಂಗಳು, ಆಮೇಲೆ ದಿನ. 2025-06-14 ಸಂಘದ ಸಭೆ ನಡಾವಳಿ. ಹೀಗೆ ಬರೆದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಕಿನ ಕ್ರಮವೂ ತಾನಾಗಿಯೇ ಸರಿ ಬರುತ್ತದೆ. ನಾವು ಬರೆಯುವ ಹಾಗೆ 14-06-2025 ಅಂತ ಇಟ್ಟರೆ ಎಲ್ಲ ವರ್ಷಗಳ 14ನೇ ತಾರೀಕುಗಳು ಒಂದೇ ಕಡೆ ಗುಂಪಾಗುತ್ತವೆ. ವರ್ಷ ಮೊದಲು ಬರೆಯುವ ಈ ಕ್ರಮ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ನಿಯಮವಾಗಿ 1988ರಲ್ಲೇ ಬಂದಿದೆ.

ಹೆಸರು ಬದಲಿಸಲು ಬಲಗಡೆ ಕ್ಲಿಕ್ ಮಾಡಿ ಮೆನು ತೆಗೆಯುವ ಕೆಲಸ ಬೇಡ. ಫೈಲನ್ನು ಆರಿಸಿ ಎಫ್2 ಒತ್ತಿ. ಹೆಸರು ಬರೆದ ಮೇಲೆ ಟ್ಯಾಬ್ ಒತ್ತಿದರೆ ಮುಂದಿನ ಫೈಲಿನ ಹೆಸರು ತಿದ್ದಲು ತಾನೇ ತೆರೆದುಕೊಳ್ಳುತ್ತದೆ. ಮದುವೆಯ 40 ಫೋಟೋ ಇದ್ದರೆ ಎಲ್ಲವನ್ನೂ ಒಟ್ಟಿಗೆ ಆರಿಸಿ ಎಫ್2 ಒತ್ತಿ ಒಂದು ಹೆಸರು ಕೊಡಿ. ಅದೇ ಹೆಸರಿನ ಮುಂದೆ 1, 2, 3 ಅಂತ ಅಂಕಿ ಹಾಕಿಕೊಂಡು ಎಲ್ಲದರ ಹೆಸರೂ ಬದಲಾಗುತ್ತದೆ. ತಪ್ಪು ಹೆಸರು ಕೊಟ್ಟಿರಾ? ಕಂಟ್ರೋಲ್ ಝಡ್ ಒತ್ತಿ. ಬರಹ ತಿದ್ದುವಾಗ ಮಾತ್ರ ಅದು ಕೆಲಸ ಮಾಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಫೋಲ್ಡರಿನಲ್ಲೂ ಮಾಡುತ್ತದೆ. ಕೈತಪ್ಪಿ ಒಂದು ಫೈಲ್ ಬೇರೆ ಫೋಲ್ಡರಿಗೆ ಜಾರಿ ಬಿದ್ದರೆ, ಕೂಡಲೇ ಕಂಟ್ರೋಲ್ ಝಡ್ ಒತ್ತಿ. ಇದ್ದ ಜಾಗಕ್ಕೆ ವಾಪಸ್ ಬರುತ್ತದೆ.

ಇನ್ನು ಹೆಸರೇ ಗೊತ್ತಿಲ್ಲದ ಫೈಲ್. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲುಗಳ ಕಿಟಕಿ ತೆರೆಯುತ್ತದೆ. ಅಲ್ಲಿ "ಡೇಟ್ ಮಾಡಿಫೈಡ್" ಅನ್ನುವ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಕೊನೆಗೆ ಮುಟ್ಟಿದ್ದು ಮೇಲೆ ಬರುತ್ತದೆ. ಹೆಸರು ಮರೆತರೂ ಯಾವತ್ತು ಮಾಡಿದ್ದು ಅನ್ನುವುದು ನಮಗೆ ನೆನಪಿರುತ್ತದೆ. ಹಬ್ಬದ ಹಿಂದಿನ ದಿನ, ಸಂತೆಯ ದಿನ, ಹೀಗೆ. ಹೆಸರಿನ ಒಂದು ತುಂಡು ನೆನಪಿದ್ದರೆ ಎವ್ರಿಥಿಂಗ್ ಎಂಬ ಸಣ್ಣ ತಂತ್ರಾಂಶ ಇದೆ, ಉಚಿತ. ಡಿಸ್ಕಿನಲ್ಲಿ ಎಲ್ಲ ಫೈಲುಗಳ ಹೆಸರಿನ ಒಂದು ಪಟ್ಟಿ ಮೊದಲೇ ಇರುತ್ತದೆ, ಪುಸ್ತಕದ ಪರಿವಿಡಿ ಇದ್ದ ಹಾಗೆ. ಈ ತಂತ್ರಾಂಶ ಆ ಪಟ್ಟಿಯನ್ನೇ ಓದುತ್ತದೆ. ಹಾಗಾಗಿ ನೀವು ಮೂರು ಅಕ್ಷರ ಬರೆಯುವಷ್ಟರಲ್ಲಿ ಉತ್ತರ ಕಣ್ಣ ಮುಂದೆ ಇರುತ್ತದೆ. ನಾನು ಯಾರ ಕಂಪ್ಯೂಟರ್ ರಿಪೇರಿಗೆ ಕೂತರೂ ಅವರನ್ನು ಕೇಳಿ ಇದೊಂದನ್ನು ಹಾಕಿಕೊಟ್ಟು ಬರುತ್ತೇನೆ.

ಈಗ ಕಾಪಿ ಮಾಡುವ ವಿಷಯ. ಕಟ್, ಕಾಪಿ, ಪೇಸ್ಟ್ ಇಲ್ಲದ ದಿನವನ್ನು ಊಹಿಸುವುದೂ ಕಷ್ಟ. ಅದನ್ನು ಇವತ್ತಿನ ರೂಪಕ್ಕೆ ತಂದವರು ಲ್ಯಾರಿ ಟೆಸ್ಲರ್. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಟಿಮ್ ಮಾಟ್ ಅವರ ಜೊತೆ ಸೇರಿ ಜಿಪ್ಸಿ ಎಂಬ ಬರಹದ ತಂತ್ರಾಂಶ ಮಾಡುವಾಗ ಇದನ್ನು ರೂಪಿಸಿದರು. ಅವರು 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಕತ್ತರಿ ಹಿಡಿದು ಕಾಗದ ಕತ್ತರಿಸಿ, ಗೋಂದು ಹಚ್ಚಿ ಅಂಟಿಸುತ್ತಿದ್ದ ಕೆಲಸವನ್ನು ಪರದೆಯ ಮೇಲೆ ತಂದವರು. ಡಿಟಿಪಿಗೆ ಮುಂಚೆ ಪ್ರೆಸ್ಸಿನಲ್ಲಿ ದುಡಿದ ಹಿರಿಯರು ಇಲ್ಲಿದ್ದರೆ ಆ ಅಂಟಿಸುವ ಕೆಲಸ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಆದರೆ ಕಾಪಿಯಲ್ಲಿ ಒಂದು ತೊಂದರೆ ಮೊದಲಿಂದ ಇತ್ತು. ಹೊಸದು ಕಾಪಿ ಮಾಡಿದ ಕೂಡಲೇ ಹಳೆಯದು ಹೋಗಿಬಿಡುತ್ತಿತ್ತು. ವಿಂಡೋಸ್ 10ರಲ್ಲಿ 2018ರ ಕೊನೆಗೆ ಇದಕ್ಕೆ ಪರಿಹಾರ ಬಂತು. ಕಂಟ್ರೋಲ್ ವಿ ಬದಲು ವಿಂಡೋಸ್ ಕೀ ಜೊತೆ ವಿ ಒತ್ತಿ. ಮೊದಲ ಸಲ "ಆನ್ ಮಾಡಲೇ?" ಅಂತ ಕೇಳುತ್ತದೆ, ಹೂಂ ಅನ್ನಿ. ಅಲ್ಲಿಂದ ಮುಂದೆ ನೀವು ಕಾಪಿ ಮಾಡಿದ ಕೊನೆಯ 25 ತುಣುಕುಗಳು ಪಟ್ಟಿಯಾಗಿ ಸಿಗುತ್ತವೆ. ಬೇಕಾದ್ದನ್ನು ಆರಿಸಿ ಅಂಟಿಸಿ. ಕಂಪ್ಯೂಟರ್ ರಿಸ್ಟಾರ್ಟ್ ಆದಾಗ ಪಟ್ಟಿ ಖಾಲಿಯಾಗುತ್ತದೆ, ಆದರೆ ಪಿನ್ ಚುಚ್ಚಿ ಇಟ್ಟದ್ದು ಉಳಿಯುತ್ತದೆ. ಶಾಲೆಯ ಪೂರ್ತಿ ವಿಳಾಸ, ಪತ್ರದ ಕೊನೆಗೆ ಬರೆಯುವ ಒಕ್ಕಣೆ, ಇಂಥವನ್ನು ಪಿನ್ ಮಾಡಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ ಇದೆ. ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಆ ಪಟ್ಟಿಯಲ್ಲಿ ಕಾಣಬಹುದು. ನಾಲ್ಕು ಜನ ಕೂರುವ ಕಂಪ್ಯೂಟರ್ ಆದರೆ ಇದನ್ನು ಆನ್ ಮಾಡಬೇಡಿ.

ಬೇರೆ ಕಡೆಯಿಂದ ಕಾಪಿ ಮಾಡಿದ ಬರಹ ತನ್ನ ಬಣ್ಣ, ಗಾತ್ರ ಎಲ್ಲ ಹೊತ್ತುಕೊಂಡು ಬರುತ್ತದೆ. ಬರೀ ಅಕ್ಷರ ಸಾಕು ಅಂದರೆ ಬ್ರೌಸರಿನಲ್ಲಿ, ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ವಿ. ಕೈತಪ್ಪಿ ಮುಚ್ಚಿದ ಬ್ರೌಸರ್ ಟ್ಯಾಬ್ ಬೇಕಾದರೆ ಕಂಟ್ರೋಲ್ ಶಿಫ್ಟ್ ಟಿ. ಪರದೆಯ ಒಂದು ಭಾಗದ ಚಿತ್ರ ಮಾತ್ರ ಬೇಕಾದರೆ ವಿಂಡೋಸ್ ಕೀ, ಶಿಫ್ಟ್, ಎಸ್. ಇವನ್ನು ಮನೆಗೆ ಹೋಗಿ ಒಂದೊಂದು ಸಲ ಮಾಡಿ ನೋಡಿ, ಕೈಗೆ ರೂಢಿಯಾಗುತ್ತದೆ.

ಕರೆಂಟಿನ ವಿಷಯ ಹೇಳದೆ ಮುಂದೆ ಹೋದರೆ ಮಲೆನಾಡಿನಲ್ಲಿ ಯಾರೂ ಒಪ್ಪುವುದಿಲ್ಲ. ಜೂನ್ ಬಂತೆಂದರೆ ಯಾವ ಹೊತ್ತಿಗೆ ಯಾವ ಮರ ಲೈನಿನ ಮೇಲೆ ಬೀಳುತ್ತದೋ ಗೊತ್ತಿಲ್ಲ. ವರ್ಡ್ ತಂತ್ರಾಂಶ ತಾನಾಗಿಯೇ 10 ನಿಮಿಷಕ್ಕೊಮ್ಮೆ ಒಂದು ಪ್ರತಿ ತೆಗೆದಿಡುತ್ತದೆ. ಆಪ್ಷನ್ಸ್ ಒಳಗೆ ಸೇವ್ ಅನ್ನುವಲ್ಲಿ ಹೋಗಿ ಆ 10ನ್ನು 2 ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ವರ್ಡ್ ತೆರೆದರೆ ಎಡಗಡೆ ಉಳಿಸಿಕೊಂಡ ಪ್ರತಿ ತೋರಿಸುತ್ತದೆ. ಗಾಬರಿಯಲ್ಲಿ ಅದನ್ನು ಮುಚ್ಚಬೇಡಿ, ಮೊದಲು ತೆರೆದು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಸೇವ್ ಮಾಡದೇ "ಬೇಡ" ಅಂತ ಒತ್ತಿ ಮುಚ್ಚಿದ್ದರೂ ಒಂದು ದಾರಿ ಇದೆ. ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್, ಅದರೊಳಗೆ ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್. ಎಷ್ಟೋ ಸಲ ಅಲ್ಲಿ ಸಿಕ್ಕಿದೆ.

ಇನ್ನು ಮುಂದೆ ಹೇಳುವುದು ನನಗೆ ಹತ್ತಿರದ ವಿಷಯ. ಕನ್ನಡದ ಬರಹ.

ನನಗೆ ಪ್ರೈಮರಿಯಲ್ಲಿ ಕಲಿಸಿದ ಮೇಷ್ಟ್ರೊಬ್ಬರು ಊರಿನ ಇತಿಹಾಸ ಬರೆದಿದ್ದರು. ಯಾವ ಮನೆತನ ಎಲ್ಲಿಂದ ಬಂತು, ಕೆರೆ ಕಟ್ಟಿಸಿದ್ದು ಯಾರು, ಯಾವ ಗದ್ದೆಗೆ ಯಾಕೆ ಆ ಹೆಸರು, ಎಲ್ಲವನ್ನೂ ಹಿರಿಯರನ್ನು ಕೇಳಿ ಕೇಳಿ ಬರೆದದ್ದು. 2004ರ ಸುಮಾರಿಗೆ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ 300 ಪ್ರತಿ ಹಾಕಿಸಿದರು. ಮೇಷ್ಟ್ರು ಹೋದ ಮೇಲೆ ಅವರ ಮಗಳಿಗೆ ಅದನ್ನು ಮತ್ತೆ ಅಚ್ಚು ಹಾಕಿಸುವ ಆಸೆ. ಸಿಡಿ ಜೋಪಾನವಾಗಿ ಇತ್ತು. ನನ್ನ ಹತ್ತಿರ ತಂದುಕೊಟ್ಟರು. ತೆರೆದು ನೋಡಿದರೆ ಒಂದು ಅಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಇರುವ ಅಕ್ಷರ, ಪೌಂಡ್ ಗುರುತು. "ಅಪ್ಪ ಬರೆದದ್ದು ಹಾಳಾಗಿ ಹೋಯ್ತಾ?" ಎಂದು ಅವರು ಕೇಳಿದ ದನಿ ಇವತ್ತಿಗೂ ಕಿವಿಯಲ್ಲಿದೆ.

ಹಾಳಾಗಿರಲಿಲ್ಲ. ಆದದ್ದು ಏನು ಅಂತ ಹೇಳುತ್ತೇನೆ. ಯಕ್ಷಗಾನ ನೋಡಿದ್ದೀರಲ್ಲ. ಒಬ್ಬ ಕಲಾವಿದರು ಕಿರೀಟ ಇಟ್ಟು ಬಣ್ಣ ಹಚ್ಚಿ ಬಂದರೆ ರಾವಣ. ವೇಷ ಕಳಚಿದರೆ ನಮ್ಮ ಪಕ್ಕದ ಊರಿನವರು. ಹಳೆಯ ಕನ್ನಡ ಫಾಂಟುಗಳು ಮಾಡುತ್ತಿದ್ದುದು ಇದನ್ನೇ. ಆಗಿನ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳಿಗೆ ಮಾತ್ರ ಜಾಗ ಇತ್ತು. ಹಾಗಾಗಿ ಆ ಅಕ್ಷರಗಳಿಗೇ ಕನ್ನಡದ ವೇಷ ತೊಡಿಸಿದರು. ಆ ಪದ್ಧತಿಯಲ್ಲಿ "ಕನ್ನಡ" ಅಂತ ಬರೆದರೆ ಒಳಗೆ ನಕಾರದ ಜಾಗದಲ್ಲಿ ನಿಜವಾಗಿ ಇರುವುದು ಪೌಂಡ್ ಗುರುತು. ವೇಷದ ಪೆಟ್ಟಿಗೆ, ಅಂದರೆ ಆ ಫಾಂಟ್, ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪೌಂಡೇ ಕಾಣುತ್ತದೆ.

ಆ ಕಾಲದಲ್ಲಿ ಇದನ್ನು ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಎಂಬ ಕನ್ನಡ ಬರೆಯುವ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ "ನುಡಿ" ತಂತ್ರಾಂಶ ಬಂತು. ಅವು ಇಲ್ಲದಿದ್ದರೆ ಮೇಷ್ಟ್ರ ಪುಸ್ತಕವೇ ಬರುತ್ತಿರಲಿಲ್ಲ. ಆದರೆ ಈಗ ಕನ್ನಡಕ್ಕೆ ತನ್ನದೇ ಮನೆ ಇದೆ. ಯುನಿಕೋಡ್ ಎಂಬ ಜಗತ್ತಿನ ಎಲ್ಲ ಲಿಪಿಗಳ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ನಕಾರ ಅಂದರೆ ನಕಾರವೇ. ಯಾರ ವೇಷವೂ ಬೇಕಿಲ್ಲ. ನುಡಿ, ಬರಹ ಎರಡರಲ್ಲೂ ಈಗ ಯುನಿಕೋಡಿನಲ್ಲಿ ಬರೆಯಬಹುದು. ಹಾಗಿದ್ದರೂ ಎಷ್ಟೋ ಕಚೇರಿಗಳಲ್ಲಿ, ಅಂಗಡಿಗಳಲ್ಲಿ ರೂಢಿ ಬಲದಿಂದ ಹಳೆಯ ಫಾಂಟಿನಲ್ಲೇ ಬರೆಯುತ್ತಿದ್ದಾರೆ. ದಯವಿಟ್ಟು ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಹಳೆಯ ಫಾಂಟಿನಲ್ಲಿ ಬರೆದದ್ದು ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ತೆರೆಯುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಗಳಿವೆ, ಎನ್‌ವಿಡಿಎ ಅಂತ ಒಂದು ಉಚಿತವಾಗಿಯೇ ಸಿಗುತ್ತದೆ. ಅವು ಯುನಿಕೋಡ್ ಕನ್ನಡವನ್ನು ಓದಬಲ್ಲವು, ವೇಷದ ಕನ್ನಡವನ್ನು ಓದಲಾರವು.

ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಕೇಳುತ್ತಿದ್ದಾರೆ: "ನನ್ನ ಫೈಲ್ ಯಾವುದರಲ್ಲಿದೆ ಅಂತ ತಿಳಿಯುವುದು ಹೇಗೆ?" ಸುಲಭ ಇದೆ ಮೇಡಂ. ಒಂದು ಸಾಲನ್ನು ಆರಿಸಿ ಕಾಪಿ ಮಾಡಿ, ನೋಟ್‌ಪ್ಯಾಡ್ ತೆರೆದು ಅಂಟಿಸಿ. ಕನ್ನಡವಾಗಿಯೇ ಕಂಡರೆ ಯುನಿಕೋಡ್. ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಹಳೆಯದು.

ಮೇಷ್ಟ್ರ ಪುಸ್ತಕಕ್ಕೆ ವಾಪಸ್ ಬರುತ್ತೇನೆ. ಆ ಡಿಟಿಪಿ ಅಂಗಡಿ ಮುಚ್ಚಿ ಹೋಗಿತ್ತು. ನಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಕಂಪ್ಯೂಟರ್ ಇಳಿಸಿ ಧೂಳು ಒರೆಸಿ ನೋಡಿದೆ, ಅದರಲ್ಲಿ ಆ ಫಾಂಟ್ ಇತ್ತು. ಹೊಸ ಕಂಪ್ಯೂಟರಿಗೆ ಹಾಕಿದ ಕೂಡಲೇ ಪುಟದ ತುಂಬ ಕನ್ನಡ ಬಂತು. ಆಮೇಲೆ ಪರಿವರ್ತಕದಿಂದ ಎಲ್ಲವನ್ನೂ ಯುನಿಕೋಡ್ ಮಾಡಿದೆವು. ನುಡಿಯಲ್ಲೇ ಅಂಥ ಪರಿವರ್ತಕ ಇದೆ, ಜಾಲತಾಣಗಳಲ್ಲೂ ಉಚಿತವಾಗಿ ಸಿಗುತ್ತವೆ. ಜನರ ಹೆಸರು, ಖಾತೆ ನಂಬರು ಇರುವ ಕಾಗದಗಳನ್ನು ಮಾತ್ರ ಜಾಲತಾಣದ ಪರಿವರ್ತಕಕ್ಕೆ ಹಾಕಬೇಡಿ, ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಿ.

ಪರಿವರ್ತಿಸಿದ ಮೇಲೆ ಓದದೇ ಬಿಡಬಾರದು. ಎರಡು ಕಡೆ ಎಡವುತ್ತದೆ. ಒಂದು, ನಡುವೆ ಇರುವ ಇಂಗ್ಲಿಷ್ ಪದಗಳು. ಅವನ್ನೂ ವೇಷ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಇನ್ನೊಂದು ಅರ್ಕಾವತ್ತು. "ಸೂರ್ಯ" ಅನ್ನುವಲ್ಲಿ ಹಳೆಯ ಫಾಂಟ್ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಇಡುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಈ ಅದಲು ಬದಲಿನಲ್ಲಿ ತಪ್ಪು ನುಸುಳುತ್ತದೆ. ಮೇಷ್ಟ್ರ ಮಗಳು ಮತ್ತು ನಾನು ನಾಲ್ಕು ತಿಂಗಳು ಸಂಜೆ ಕೂತು ಮುದ್ರಿತ ಪುಸ್ತಕ ಪಕ್ಕಕ್ಕೆ ಇಟ್ಟುಕೊಂಡು ಸಾಲು ಸಾಲು ನೋಡಿದೆವು.

ಎಲ್ಲ ಮುಗಿದ ದಿನ ಅವರು "ನಮ್ಮ ಗದ್ದೆಯ ಹೆಸರು ಹುಡುಕಿ ನೋಡೋಣ" ಎಂದರು. ಕಂಟ್ರೋಲ್ ಎಫ್ ಒತ್ತಿ "ಕೆಂಚಿಗದ್ದೆ" ಅಂತ ಬರೆದರು. ಸಿಗಲಿಲ್ಲ. ಪುಟದ ಮೇಲೆ ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಇಲ್ಲ ಅನ್ನುತ್ತಿದೆ. ಸುಮಾರು ಹೊತ್ತು ತಲೆ ಕೆಡಿಸಿಕೊಂಡು ಕೊನೆಗೆ ಗೊತ್ತಾಯಿತು. ಅಲ್ಲಿ ಇದ್ದದ್ದು "ಕೆ೦ಚಿಗದ್ದೆ". ಏನು ವ್ಯತ್ಯಾಸ ಅಂತ ಕೇಳುತ್ತೀರಿ. ಕಣ್ಣಿಗೆ ಗೊತ್ತಾಗುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿತ್ತು, ಅಂಕಿಯ ಸೊನ್ನೆ. ಎರಡೂ ದುಂಡಗೆ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಅವು ಎರಡು ಬೇರೆ ಅಕ್ಷರ. ಇದು ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ಇರುವ ತಪ್ಪಲ್ಲ. "ಬೆ೦ಗಳೂರು" ಅಂತ ಸೊನ್ನೆ ಹಾಕಿ ಬರೆದ ಎಷ್ಟೋ ಬರಹಗಳನ್ನು ನಾನು ನೋಡಿದ್ದೇನೆ. "ಬೆಂಗಳೂರು" ಅಂತ ಹುಡುಕಿದವರಿಗೆ ಅವು ತಪ್ಪಿಹೋಗಬಹುದು.

ತಿದ್ದಲು ಕಂಟ್ರೋಲ್ ಎಚ್. ಮೇಲಿನ ಮನೆಯಲ್ಲಿ ಸೊನ್ನೆ, ಕೆಳಗಿನ ಮನೆಯಲ್ಲಿ ಅನುಸ್ವಾರ, ರಿಪ್ಲೇಸ್ ಆಲ್. ನಾನೂ ಹಾಗೇ ಮಾಡಿದೆ. ಒಂದು ಪುಟ ಓದುವಷ್ಟರಲ್ಲಿ ಮತ್ತೊಂದು ತೊಂದರೆ ಕಂಡಿತು. ಮೇಷ್ಟ್ರು ಇಸವಿಗಳನ್ನು ಕನ್ನಡ ಅಂಕಿಯಲ್ಲೇ ಬರೆದಿದ್ದರು. ೧೯೫೦ರ ಕೊನೆಯ ಸೊನ್ನೆಯೂ ಅನುಸ್ವಾರವಾಗಿ ಹೋಗಿತ್ತು! ಕಂಟ್ರೋಲ್ ಝಡ್ ಒತ್ತಿ ವಾಪಸ್ ಬಂದು, ಈ ಸಲ ಒಂದೊಂದನ್ನೇ ನೋಡಿ, ಅಂಕಿಯ ಪಕ್ಕದ ಸೊನ್ನೆ ಬಿಟ್ಟು, ಅಕ್ಷರದ ಪಕ್ಕದ್ದನ್ನು ಮಾತ್ರ ಬದಲಿಸಿದೆವು. ನಿಮ್ಮ ಬರಹದಲ್ಲಿ ಕನ್ನಡ ಅಂಕಿ ಇದ್ದರೆ ನೀವೂ ಹಾಗೇ ಮಾಡಿ. ಆಮೇಲೆ ಹುಡುಕಿದರೆ ಕೆಂಚಿಗದ್ದೆ 11 ಕಡೆ ಸಿಕ್ಕಿತು. ಅದರಲ್ಲಿ ಒಂದು ಕಡೆ ಮೇಷ್ಟ್ರ ಅಜ್ಜಿಯ ಹೆಸರು ಇತ್ತು. ಪುಸ್ತಕ ಓದಿದ್ದರೂ ಮಗಳಿಗೆ ಆ ಸಾಲು ನೆನಪಿರಲಿಲ್ಲ.

ಇದೇ ಥರದ ಇನ್ನೊಂದು ಸೂಕ್ಷ್ಮ ಇದೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಕೂರುತ್ತದೆ, "ರಾಜ್ಕುಮಾರ್" ಆಗುತ್ತದೆ. ಅದನ್ನು ಬಿಡಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಬೇಕು. ವರ್ಡ್‌ನಲ್ಲಿ 200 ಅಂತ ಬರೆದು ಅದಕ್ಕೆ ತಾಗಿಸಿ ಇಂಗ್ಲಿಷಿನ ಸಿ ಬರೆದು ಆಲ್ಟ್ ಎಕ್ಸ್ ಒತ್ತಿದರೆ ಆ ಅಕ್ಷರ ಬರುತ್ತದೆ. ಕೆಲವರು ಅದರ ಬದಲು ನಡುವೆ ಜಾಗ ಬಿಡುತ್ತಾರೆ. ಆಗ ಒಂದು ಪದ ಎರಡಾಗಿ ಹೋಗುತ್ತದೆ. ಒಂದೇ ಹೆಸರನ್ನು ಒಂದು ಪಟ್ಟಿಯಲ್ಲಿ ಮೂರು ರೀತಿ ಬರೆದರೆ ಹುಡುಕಿದಾಗ ಒಂದೇ ಸಿಗುತ್ತದೆ. ಯಾವುದೋ ಒಂದು ರೀತಿ ಆರಿಸಿಕೊಳ್ಳಿ, ಕೊನೆಯವರೆಗೂ ಅದನ್ನೇ ಬಳಸಿ.

"ಟೈಪಿಂಗ್ ಕಲಿಯಲು ಈ ವಯಸ್ಸಿನಲ್ಲಿ ಆಗುತ್ತಾ?" ಅಂತ ಇಲ್ಲಿ ಒಬ್ಬರು ಹಿರಿಯರು ಕೇಳಿದ್ದಾರೆ. ಖಂಡಿತ ಆಗುತ್ತದೆ ಸಾರ್. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅನ್ನುವಲ್ಲಿ ಕನ್ನಡ ಸೇರಿಸಿದರೆ ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವ ಕೀಲಿಮಣೆಯೂ ಸಿಗುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಜಾಸ್ತಿ ಬರೆಯುವವರು ಕೆ.ಪಿ. ರಾವ್ ವಿನ್ಯಾಸ ಕಲಿಯಿರಿ, ನುಡಿಯಲ್ಲಿ ಇರುವುದು ಅದೇ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. "ಕನ್ನಡ" ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಬೆರಳು ನಡುಗುವವರಿಗೆ ಇನ್ನೂ ಸುಲಭದ ದಾರಿ ಇದೆ. ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಒಳಗೆ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಅಂತ ಇಟ್ಟು ನಿಧಾನವಾಗಿ ಮಾತಾಡಿ. ಅಕ್ಷರವಾಗಿ ಬರುತ್ತದೆ. ಹಳೆಯ ಪುಸ್ತಕದ ಪುಟವನ್ನು ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಬಲಗಡೆ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿದ್ದ ಕನ್ನಡ ತಿದ್ದಬಹುದಾದ ಬರಹವಾಗುತ್ತದೆ. ಬೆಳಕು ಚೆನ್ನಾಗಿರಲಿ, ಪುಟ ಸೊಟ್ಟ ಇರದಿರಲಿ. ತಪ್ಪುಗಳು ಇರುತ್ತವೆ, ಆದರೆ ಪೂರ್ತಿ ಟೈಪ್ ಮಾಡುವ ಶ್ರಮ ಉಳಿಯುತ್ತದೆ.

ಲೆಕ್ಕ ಬರೆಯುವವರು ಇದ್ದೀರಿ, ಎಕ್ಸೆಲ್ ಬಗ್ಗೆ ಹೇಳಲೇಬೇಕು. ಅಲ್ಲಿ ಕಳೆದುಹೋಗುವುದು ಗೊತ್ತೇ ಆಗುವುದಿಲ್ಲ, ಅದೇ ಭಯ. ಎಕ್ಸೆಲ್ ಅಂಕಿ ಕಂಡ ಕೂಡಲೇ ಅದನ್ನು ಮೊತ್ತ ಅಂದುಕೊಳ್ಳುತ್ತದೆ. ಖಾತೆ ನಂಬರಿನ ಮುಂದೆ ಎರಡು ಸೊನ್ನೆ ಇದ್ದರೆ ಬೆಲೆ ಇಲ್ಲದ ಸೊನ್ನೆ ಅಂತ ತೆಗೆದುಹಾಕುತ್ತದೆ. 12 ಅಂಕಿಯ ಆಧಾರ್ ನಂಬರನ್ನು ನಡುವೆ ಇ ಅಕ್ಷರ ಹಾಕಿ ಚಿಕ್ಕದಾಗಿ ತೋರಿಸುತ್ತದೆ. ಅದಾದರೂ ಪರವಾಗಿಲ್ಲ, ಒಳಗೆ ಪೂರ್ತಿ ಇರುತ್ತದೆ. ಆದರೆ ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16 ಅಂಕಿಯ ನಂಬರು ಬರೆದರೆ ಕೊನೆಯ ಅಂಕಿ ಸೊನ್ನೆಯಾಗಿ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಬರೆಯುವ ಮೊದಲೇ ಆ ಇಡೀ ಕಾಲಂ ಆರಿಸಿ, ಕಂಟ್ರೋಲ್ 1 ಒತ್ತಿ, ಟೆಕ್ಸ್ಟ್ ಅಂತ ಮಾಡಿ. ಒಂದೆರಡೇ ಇದ್ದರೆ ನಂಬರಿನ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿದರೂ ಸಾಕು. ಕೂಡಿಸುವುದಕ್ಕೆ, ಕಳೆಯುವುದಕ್ಕೆ ಬಳಸದ ಯಾವ ನಂಬರೂ ಎಕ್ಸೆಲ್‌ಗೆ ಟೆಕ್ಸ್ಟ್ ಆಗಿರಲಿ. ಫೋನ್, ಪಿನ್ ಕೋಡ್, ಖಾತೆ, ಎಲ್ಲವೂ. ಹಾಗೇ ಐಎಫ್‌ಎಸ್‌ಸಿ ಕೋಡಿನ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಹೊಡೆದು ಹಣ ಹೋಗುತ್ತಿಲ್ಲ ಅಂತ ಅಲೆದಾಡುವವರನ್ನು ನೋಡಿದ್ದೇನೆ.

ಜಮೀನಿನ ಕೆಲಸ ಮಾಡುವವರಿಗೆ ಇನ್ನೊಂದು. ಸರ್ವೆ ನಂಬರ್ 12/3 ಅಂತ ಬರೆಯುತ್ತೀರಿ. ಎಂಟರ್ ಒತ್ತಿದರೆ ಅದು 12 ಮಾರ್ಚ್ ಆಗುತ್ತದೆ. ಇದು ನಮ್ಮ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಮನುಷ್ಯರ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯವರಿಗೂ ಇದೇ ತೊಂದರೆ. ಮಾರ್ಚ್1, ಸೆಪ್ಟ್1 ಅಂತ ಇದ್ದ ಜೀನುಗಳ ಹೆಸರು ಎಕ್ಸೆಲ್‌ನಲ್ಲಿ ತಾರೀಕು ಆಗಿಬಿಡುತ್ತಿದ್ದವು. ಕೊನೆಗೆ 2020ರಲ್ಲಿ ಆ ಜೀನುಗಳ ಹೆಸರನ್ನೇ ಬದಲಿಸಿದರು. ನಾವು ಸರ್ವೆ ನಂಬರು ಬದಲಿಸುವ ಹಾಗಿಲ್ಲವಲ್ಲ! ನಮಗೆ ಅದೇ ಉಪಾಯ, ಮೊದಲೇ ಟೆಕ್ಸ್ಟ್ ಮಾಡುವುದು. ಹೊಸ ಎಕ್ಸೆಲ್ ಇದ್ದವರಿಗೆ 2023ರಿಂದ ಮಾರ್ಚ್1 ಥರದ ಹೆಸರು ತಾನಾಗಿ ತಾರೀಕಾಗುವುದನ್ನು ಆಪ್ಷನ್ಸ್‌ನಲ್ಲಿ ನಿಲ್ಲಿಸಲು ಬರುತ್ತದೆ, ಆದರೆ 12/3 ಥರದ್ದಕ್ಕೆ ಅದು ಸಾಲದು.

ಕೊನೆಗೆ, ನಿಜವಾಗಿಯೂ ಕಳೆದುಹೋಗುವ ಸಂದರ್ಭ. ಡಿಸ್ಕ್ ಕೆಟ್ಟರೆ, ಸಿಡಿಲು ಹೊಡೆದರೆ, ಲ್ಯಾಪ್‌ಟಾಪ್ ಬಸ್ಸಿನಲ್ಲಿ ಬಿಟ್ಟರೆ ಈ ಯಾವ ಕೀಲಿಯೂ ಉಪಯೋಗಕ್ಕೆ ಬರುವುದಿಲ್ಲ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನದಲ್ಲಿ ಇರಲಿ, ಒಂದು ಮನೆಯಿಂದ ಹೊರಗೆ ಇರಲಿ. ಮನೆಯಿಂದ ಹೊರಗೆ ಅಂದರೆ ಗೂಗಲ್ ಡ್ರೈವ್ ಆಗಬಹುದು, ತಂಗಿಯ ಮನೆಯಲ್ಲಿ ಇಟ್ಟ ಒಂದು ಹಾರ್ಡ್ ಡಿಸ್ಕ್ ಆಗಬಹುದು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಅದು ಸಾಗಿಸಲು ಚೆಂದ, ಕಾಪಾಡಲು ಅಲ್ಲ. ಗೂಗಲ್ ಡ್ರೈವ್ ಅನ್ನು ಕಂಪ್ಯೂಟರಿನ ಫೋಲ್ಡರಿಗೆ ಜೋಡಿಸಿದ್ದರೆ ಒಂದು ವಿಷಯ ನೆನಪಿಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅದರ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಹಾಗಾಗಿ ಹಾರ್ಡ್ ಡಿಸ್ಕಿನ ಪ್ರತಿಯೂ ಬೇಕು. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಇದನ್ನು ಮಾಡುತ್ತೇನೆ. ಮೇಷ್ಟ್ರ ಪುಸ್ತಕ ಈಗ ನನ್ನ ಹತ್ತಿರ, ಅವರ ಮಗಳ ಹತ್ತಿರ, ಈ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಹೀಗೆ ಮೂರು ಕಡೆ ಇದೆ.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಚಹಾ ಬಂದಿದೆ.

(ಚಹಾ ಕುಡಿಯುತ್ತಲೇ ಆ ಅಕ್ಕನ ಲ್ಯಾಪ್‌ಟಾಪ್ ತೆರೆದೆವು. ಅವರು ನೋಡುತ್ತಿದ್ದದ್ದು ಡೆಸ್ಕ್‌ಟಾಪಿನಲ್ಲಿದ್ದ ಪ್ರತಿ. ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ "ಡೇಟ್ ಮಾಡಿಫೈಡ್" ಮೇಲೆ ಕ್ಲಿಕ್ ಮಾಡಲು ಹೇಳಿದೆ. ಇಮೇಲ್‌ನಲ್ಲಿ ಬಂದ ಅದೇ ಪಟ್ಟಿಯನ್ನು ಅವರು ಬೇರೆ ಬೇರೆ ದಿನ ಮತ್ತೆ ಮತ್ತೆ ಇಳಿಸಿಕೊಂಡಿದ್ದರು. ಒಂದೇ ಹೆಸರು, ಪಕ್ಕದಲ್ಲಿ ಆವರಣದೊಳಗೆ 1, 2, 3. ಗುರುವಾರ ಸಂಜೆಯ ತಾರೀಕು ಇದ್ದದ್ದು 2ನೆಯದರ ಮೇಲೆ. ತೆರೆದರೆ ಅವರು ತಿದ್ದಿದ್ದು ಎಲ್ಲವೂ ಇತ್ತು. ಒಂದು ಗಳಿಗೆ ಸುಮ್ನೆ ನೋಡಿದರು. ಆಮೇಲೆ ಫೈಲ್ ಮುಚ್ಚಿ, ಯಾರೂ ಹೇಳದೇ ಎಫ್2 ಒತ್ತಿ, ವರ್ಷದಿಂದ ಶುರು ಮಾಡಿ ತಾರೀಕು ಬರೆಯತೊಡಗಿದರು.)